ಜಡೆಗೆ ಎರಡು ಸಹಿ

ಫೆಬ್ರವರಿ 3

ಮಾನ್ಯರೇ,

ನಮಸ್ಕಾರ. ನಿಮ್ಮ ಮನೆಯಲ್ಲಿ ಎಂಟು ತಿಂಗಳು ಇದ್ದ ಸ್ಪೇನಿಯಲ್ ನಾಯಿ ಕಳೆದ ಶನಿವಾರದಿಂದ ನಮ್ಮ ಮನೆಯಲ್ಲಿದೆ. ನಾನು ಲಾಂಡ್ರಿ ನಡೆಸುವವನು. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ನಾನು ಮತ್ತು ನಮ್ಮ ತಾಯಿ ಇಬ್ಬರೇ.

ನಾಯಿಗಳ ಆಶ್ರಯದ ದೊಡ್ಡಮ್ಮನವರು ಹೇಳಿದ ಪ್ರಕಾರ ಈ ಪತ್ರ ಬರೆಯುತ್ತಿದ್ದೇನೆ. ಮೊದಲ ಎರಡು ತಿಂಗಳು ಹಿಂದೆ ಸಾಕಿದವರಿಗೆ ಫೋನ್ ಮಾಡಕೂಡದು, ಅವರು ಬಂದು ನೋಡಲೂ ಕೂಡದು, ಕಾಗದ ಮಾತ್ರ ಎಂದರು. ಯಾಕೆಂದು ಕೇಳಿದೆ. "ಫೋನಲ್ಲಿ ಅವರ ದನಿ ಕೇಳಿದ್ರೆ ನಾಯಿ ಮನೆಯೆಲ್ಲ ಹುಡುಕುತ್ತಪ್ಪ. ದನಿ ಇದೆ, ಮನುಷ್ಯ ಇಲ್ಲ ಅಂದ್ರೆ ಅದಕ್ಕೆ ಏನಂತ ಅರ್ಥ ಆಗಬೇಕು?" ಎಂದರು. ಮೆಸೇಜ್ ಮಾಡಬಹುದಲ್ಲ ಎಂದೆ. "ಬೆಳಗ್ಗೆ ಮೆಸೇಜು ಅಂತ ಶುರುವಾಗಿದ್ದು ಸಂಜೆಗೆ ವಿಡಿಯೊ ಕಾಲ್ ಆಗುತ್ತೆ. ನಾನೇನು ನಿನ್ನೆ ಹುಟ್ಟಿದವಳಾ?" ಎಂದು ಬಾಯಿ ಮುಚ್ಚಿಸಿದರು. ಎರಡು ತಿಂಗಳ ನಂತರ ನಿಮ್ಮ ಸಹಿ ಮತ್ತು ನನ್ನ ಸಹಿ ಎರಡೂ ಬಿದ್ದರೆ ದತ್ತು ಪಕ್ಕಾ. ಒಬ್ಬರು ಹಾಕದಿದ್ದರೂ ನಾಯಿ ವಾಪಸ್ ನಿಮ್ಮ ಮನೆಗೆ. ಇಷ್ಟು ನನಗೆ ತಿಳಿಸಿದ್ದಾರೆ.

ಅಮ್ಮನಿಗೆ ನಾಯಿ ತರುವ ವಿಷಯ ಮೊದಲೇ ಹೇಳಿರಲಿಲ್ಲ. ಅದರ ಉದ್ದ ಕಿವಿಗಳನ್ನು ನೋಡಿ, "ಮದುವೆ ಆಗೋ ಅಂತ ಮೂವತ್ತು ವರ್ಷ ಬಡ್ಕೊಂಡೆ, ಇವನಿಗೆ ಕಿವಿ ಕೇಳಿಸಲಿಲ್ಲ. ಈಗ ನೋಡಿದ್ರೆ ಬರೀ ಕಿವೀನೇ ಮನೆಗೆ ತಂದಿದ್ದಾನೆ" ಎಂದರು. ಅಷ್ಟು ಬಿಟ್ಟರೆ ಗಲಾಟೆಯಿಲ್ಲ.

ನೀವು ಜೊತೆಯಲ್ಲಿ ಕಳಿಸಿದ ಹಳದಿ ಹೊದಿಕೆ ತುಂಬ ಕೊಳೆಯಾಗಿತ್ತು. ತಪ್ಪು ತಿಳಿಯಬೇಡಿ, ಕಸುಬಿನವನ ಕಣ್ಣು. ಬಂದ ದಿನವೇ ಬಿಸಿನೀರಿನಲ್ಲಿ ನೆನೆಹಾಕಿ, ಎರಡು ಸಲ ಒಗೆದು, ಇಸ್ತ್ರಿ ಮಾಡಿ ಹಾಸಿದೆ. ಈಗ ನೀವೇ ನೋಡಿದರೂ ನಿಮ್ಮ ಹೊದಿಕೆಯೆಂದು ಗುರುತಿಸಲಾರಿರಿ.

ಊಟ, ನಿದ್ದೆ ಚೆನ್ನಾಗಿದೆ. ಚಿಂತೆ ಬೇಡ.

ಇಂತಿ,
ಲಾಂಡ್ರಿಯವನು


ಫೆಬ್ರವರಿ 10

ಲಾಂಡ್ರಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಊಟ, ನಿದ್ದೆ ಚೆನ್ನಾಗಿದೆ ಎಂಬ ಸಾಲನ್ನು ಎರಡು ಸಲ ಓದಿದೆ.

ಅವಳ ಹೆಸರು ಜಡೆ. ದೊಡ್ಡಮ್ಮ ಹೇಳಿರಬೇಕು. ಆ ಎರಡು ಕಿವಿ ಎರಡು ಜಡೆಯಂತೆ ಇಳಿಬಿದ್ದಿರುವುದಕ್ಕೆ ನಾನಿಟ್ಟ ಹೆಸರು. ಮರಿ ಹಾಕಿಸಿ ಮಾರುವವರ ಶೆಡ್ಡಿನಿಂದ ಬಿಡಿಸಿ ತಂದ ನಾಯಿ. ಆರು ವರ್ಷ ಬೋನಿನಲ್ಲೇ ಕಳೆದಿದ್ದಳು. ನನ್ನ ಮನೆಗೆ ಬಂದಾಗ ಮೆಟ್ಟಿಲು ಹತ್ತಲು ಗೊತ್ತಿರಲಿಲ್ಲ, ಪೊರಕೆ ಕಂಡರೆ ನಡುಗುತ್ತಿದ್ದಳು. ಕಲಿಸಿದ್ದು ನಾನಲ್ಲ, ನನ್ನ ಮುದಿ ನಾಯಿ ಅಜ್ಜಪ್ಪ. ಅವನಿಗೆ ಒಂದು ಕಣ್ಣು ಪೂರ್ತಿ ಮಂಜು. ಗೊರಕೆ ಹೊಡೆದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಅವನು ಮೆಟ್ಟಿಲು ಹತ್ತಿದರೆ ಅವಳೂ ಹತ್ತುತ್ತಿದ್ದಳು, ಅವನು ಪೊರಕೆ ದಾಟಿದರೆ ಅವಳೂ ದಾಟುತ್ತಿದ್ದಳು. ಮಲಗುವುದೂ ಅವನ ಬೆನ್ನಿಗೆ ಬೆನ್ನು ಕೊಟ್ಟೇ.

ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ ಮಾಡುತ್ತೇನೆ. ನಿಮ್ಮೂರಿಗೂ ನಮ್ಮೂರಿಗೂ ಬಸ್ಸಿನಲ್ಲಿ ಅರ್ಧ ದಿನ. ಆಶ್ರಯದಲ್ಲಿ ಜಾಗ ಸಾಲದಾದಾಗ ದೊಡ್ಡಮ್ಮ ನನ್ನಂಥವರ ಮನೆಗೆ ಒಂದೊಂದು ನಾಯಿ ಕಳಿಸುತ್ತಾರೆ, ಮನೆ ಸಿಕ್ಕಾಗ ಕರೆಸಿಕೊಳ್ಳುತ್ತಾರೆ. ಇವಳಿಗಿಂತ ಮುಂಚೆ ಹಲವು ನಾಯಿ ಬಂದು ಹೋಗಿವೆ.

ಹೊದಿಕೆಯ ವಿಷಯ ಓದಿದೆ. ನಿಮ್ಮ ಕೆಲಸದ ಅಚ್ಚುಕಟ್ಟು ಗೊತ್ತಾಯಿತು.

ಇಲ್ಲಿ ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಅಲ್ಲಿ ಹೇಗೆ? ಜಡೆಯ ಕಿವಿಯನ್ನು ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ.

ಇಂತಿ,
ಕನ್ನಡಕದಕ್ಕ (ಎಲ್ಲರೂ ಹಾಗೇ ಕರೆಯುತ್ತಾರೆ)


ಫೆಬ್ರವರಿ 20

ಮೇಡಂ,

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಅಜ್ಜಪ್ಪನ ಗೊರಕೆಯ ವಿಷಯಕ್ಕೆ ನಕ್ಕರು. "ನಿಮ್ಮಪ್ಪನ ಜಾತಿ" ಎಂದರು.

ಹಿಂದಿನ ಪತ್ರದಲ್ಲಿ ಊಟ, ನಿದ್ದೆ ಚೆನ್ನಾಗಿದೆ ಎಂದು ಬರೆದಿದ್ದೆ. ಅದು ನಿಜವಲ್ಲ. ಗಿರಾಕಿ ಬಂದು ಬಟ್ಟೆ ಕೇಳಿದರೆ "ನಾಳೆ ಖಂಡಿತ ರೆಡಿ" ಅನ್ನುವುದು ನಮ್ಮ ಕಸುಬಿನ ಚಾಳಿ. ಅದೇ ಚಾಳಿಯಲ್ಲಿ ಬರೆದುಬಿಟ್ಟೆ.

ಜಡೆ ತಟ್ಟೆಯ ಹತ್ತಿರ ಬರುತ್ತಾಳೆ, ಮೂಸುತ್ತಾಳೆ, ಹಿಂದಕ್ಕೆ ಸರಿಯುತ್ತಾಳೆ. ಅಮ್ಮ ಕೈಯಲ್ಲಿ ಹಿಡಿದು ಕೊಟ್ಟರೆ ಒಂದೆರಡು ತುತ್ತು. ಹೊದಿಕೆಯ ಮೇಲೆ ಕಾಲು ಕೂಡ ಇಡುವುದಿಲ್ಲ. ಅದರ ಪಕ್ಕದಲ್ಲಿ ಬರಿನೆಲದ ಮೇಲೆ, ಬಾಗಿಲ ಕಡೆ ಮುಖ ಮಾಡಿ ಮಲಗುತ್ತಾಳೆ. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಾಳೆ, ಬಂದವರನ್ನು ನೋಡಿ ಮತ್ತೆ ಇಳಿಸುತ್ತಾಳೆ. ಪಶುವೈದ್ಯರು ತಪಾಸಣೆ ಮಾಡಿ, ಮೈಯಲ್ಲಿ ದೋಷವಿಲ್ಲ, ಹೊಸ ಜಾಗ, ಹೊಂದಿಕೊಳ್ಳುತ್ತಾಳೆ ಎಂದರು. ಆದರೆ ತೂಕ ಇಳಿದಿದೆ.

ನಾನು ಮನೆ ಇನ್ನಷ್ಟು ಚೊಕ್ಕಟವಾಗಿ ಇಡುತ್ತಿದ್ದೇನೆ. ಅವಳ ಜಾಗವನ್ನು ದಿನವೂ ಸೋಪು ಹಾಕಿ ಒರೆಸುತ್ತೇನೆ. ಅಮ್ಮ ಮಾತ್ರ, "ನೀನು ತೊಳೆದೂ ತೊಳೆದೂ ಈ ಮನೇಲಿ ಮನುಷ್ಯರಿದ್ದಾರೆ ಅನ್ನೋ ಗುರುತೇ ಇಲ್ಲ. ಯಾವ್ದೋ ಆಸ್ಪತ್ರೆಗೆ ಸೇರಿಸಿದ್ದಾರೆ ಅಂದ್ಕೊಂಡಿರುತ್ತೆ ಪಾಪ" ಎನ್ನುತ್ತಾರೆ. ಅವರಿಗೆ ಎಲ್ಲದಕ್ಕೂ ನಾನೇ ಸಿಗುವುದು.

ನನ್ನಿಂದ ಏನಾದರೂ ತಪ್ಪಾಗಿದೆಯೇ? ನಿಮಗೆ ಹೊಳೆದರೆ ದಾಕ್ಷಿಣ್ಯ ಬೇಡ. ನೇರವಾಗಿ ಬರೆಯಿರಿ.

ಇಂತಿ,
ಲಾಂಡ್ರಿಯವನು


ಫೆಬ್ರವರಿ 27

ಲಾಂಡ್ರಿಯವರಿಗೆ ನಮಸ್ಕಾರ.

ತಪ್ಪು ಎಂದು ಯಾವುದನ್ನು ಹೇಳಲಿ? ಎಲ್ಲ ನಾಯಿಗೂ ಎಲ್ಲ ಮನೆಯೂ ಒಗ್ಗುವುದಿಲ್ಲ. ಇದು ಯಾರ ಕೊರತೆಯೂ ಅಲ್ಲ.

ಇನ್ನೂ ಸ್ವಲ್ಪ ದಿನ ನೋಡಿ. ತೀರಾ ಕಷ್ಟವೆನಿಸಿದರೆ ಸಂಕೋಚಪಡದೆ ಹೇಳಿ. ನನ್ನ ಬಾಗಿಲು ತೆರೆದೇ ಇದೆ. ವಾಪಸ್ ಕಳಿಸಿದವರನ್ನು ದೊಡ್ಡಮ್ಮ ಏನೂ ಅನ್ನುವುದಿಲ್ಲ, ಮುಂದೆ ನಿಮಗೆ ಒಗ್ಗುವ ಬೇರೆ ನಾಯಿ ಸಿಕ್ಕರೂ ಸಿಗಬಹುದು.

ಅಜ್ಜಪ್ಪ ಈಗಲೂ ಅವಳ ಜಾಗ ಬಿಟ್ಟೇ ಮಲಗುತ್ತಾನೆ. ಅರ್ಧ ಚಾಪೆ ಖಾಲಿ.

ಇಂತಿ,
ಕನ್ನಡಕದಕ್ಕ


ಮಾರ್ಚ್ 7

ಮೇಡಂ,

ನಿಮ್ಮ ಮಾತೇ ಸರಿ ಎನಿಸಿದೆ. ಈ ತಿಂಗಳ ಕೊನೆಯ ಭಾನುವಾರ ದೊಡ್ಡಮ್ಮನವರ ವ್ಯಾನು ನಿಮ್ಮೂರಿನ ಕಡೆ ಬರುತ್ತದಂತೆ. ಅದರಲ್ಲಿ ಜಡೆಯನ್ನು ಕಳಿಸುತ್ತೇನೆ.

ಅಮ್ಮನಿಗೆ ಹೇಳಿದೆ. "ತರೋವಾಗ ನನ್ನ ಕೇಳಿದ್ಯಾ? ಕಳಿಸೋವಾಗಲೂ ಕೇಳಬೇಡ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ನಾಯಿ ಬಂದ ದಿನ ಗೊಣಗಿದವರು ಅವರೇ. ಈಗ ಕಳಿಸಬೇಡವೆಂದು ಬಾಯಿಬಿಟ್ಟು ಹೇಳಲು ಮಾನ ಅಡ್ಡ ಬರುತ್ತದೆ.

ಒಂದೆರಡು ವಿಷಯ ನಿಮಗೆ ತಿಳಿಸಬೇಕು. ನಮ್ಮ ಉಗಿ ಇಸ್ತ್ರಿಯ ಸದ್ದಿಗೆ ಮೊದಮೊದಲು ಅವಳು ಮೂಲೆ ಸೇರುತ್ತಿದ್ದಳು. ಈಗ ನಾನು ಇಸ್ತ್ರಿ ಮಾಡುವಾಗ ಮೇಜಿನ ಕೆಳಗೆ ಬಂದು ಕೂರುತ್ತಾಳೆ. ಬೆದರುವುದಿಲ್ಲ. ತಿನ್ನದಿದ್ದರೂ ಇಷ್ಟು ಕಲಿತಳು.

ಸಂಜೆ ಅವಳನ್ನು ಹೊರಗೆ ಕರೆದುಕೊಂಡು ಹೋಗುವುದು ನನಗೂ ಅಭ್ಯಾಸವಾಗಿತ್ತು. ನಾನು ಈ ಬೀದಿಯಲ್ಲೇ ಹುಟ್ಟಿದವನು. ಯಾರ ಮನೆಯ ಪರದೆ ಯಾವುದು, ಯಾರ ಕೋಟಿನ ಗುಂಡಿ ಸಡಿಲ ಎಲ್ಲ ಗೊತ್ತು. ಬೀದಿಯಲ್ಲಿ ನಿಂತು ಅವರ ಜೊತೆ ಮಾತಾಡಿದ್ದು ಈ ನಾಯಿ ಬಂದ ಮೇಲೆ. ಔಷಧಿ ಅಂಗಡಿಯವರಿಗೆ ಮೊಮ್ಮಗಳಿದ್ದಾಳೆಂದು ನನಗೆ ತಿಳಿದದ್ದೇ ಮೊನ್ನೆ. ಇಷ್ಟು ವರ್ಷ ಆ ಮಗುವಿನ ಫ್ರಾಕು ಒಗೆದಿದ್ದೇನೆ.

ಇರಲಿ. ನಿಮ್ಮಲ್ಲಿ ಅವಳು ಸುಖವಾಗಿದ್ದಳು. ಅವಳಿಗೆ ಅದೇ ಸರಿ. ನಿಮ್ಮ ಎಂಟು ತಿಂಗಳ ಶ್ರಮವನ್ನು ನಾನು ಒಂದೇ ತಿಂಗಳಲ್ಲಿ ಕೆಡಿಸಿದೆನಲ್ಲ ಎಂಬುದೊಂದೇ ಬೇಸರ. ಕ್ಷಮಿಸಿ.

ಇಂತಿ,
ಲಾಂಡ್ರಿಯವನು


ಮಾರ್ಚ್ 12

ಲಾಂಡ್ರಿಯವರಿಗೆ,

ಈ ಕಾಗದದ ಜೊತೆ ಒಂದು ಪಾರ್ಸೆಲ್ ಇದೆ. ಅದರಲ್ಲಿ ಒಂದು ಹಳೆಯ ಹಾಸುಬಟ್ಟೆ. ವಾಸನೆ ಬರುತ್ತದೆ. ದಯವಿಟ್ಟು ಒಗೆಯಬೇಡಿ. ಕೊಡವಲೂ ಬೇಡಿ. ಹಾಗೇ ಅವಳ ಮುಂದೆ ಹಾಸಿ.

ಹಳದಿ ಹೊದಿಕೆಯಲ್ಲಿ ಅಜ್ಜಪ್ಪನ ಮೈವಾಸನೆ ಇತ್ತು, ನನ್ನದೂ ಇತ್ತು. ಬೇಕೆಂದೇ ಒಗೆಯದೆ ಕಳಿಸಿದ್ದೆ. ನಾಯಿ ಹೊಸ ಜಾಗಕ್ಕೆ ಹೋದಾಗ ಗೊತ್ತಿರುವ ಒಂದು ವಾಸನೆ ಜೊತೆಗಿದ್ದರೆ ಅದನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಕಲಿಯುತ್ತದೆ. ನಾಯಿ ಸಾಕುವವರೆಲ್ಲ ಹೀಗೇ ಮಾಡುತ್ತಾರೆ, ಅದಕ್ಕೇ ಬಾಯಿಬಿಟ್ಟು ಹೇಳಬೇಕೆಂದು ತೋಚಲಿಲ್ಲ. ಲಾಂಡ್ರಿಯವರ ಮನೆಗೆ ಹೋಗುತ್ತಿದೆ ಎಂದು ಗೊತ್ತಿದ್ದೂ ಹೇಳದೇ ಹೋದೆ ನೋಡಿ.

ಅದು ಮರೆವು. ಮುಂದಿನದು ಮರೆವಲ್ಲ. ನೀವು ಹೊದಿಕೆ ಒಗೆದೆನೆಂದು ಬರೆದ ಮೊದಲ ಕಾಗದ ಓದಿದಾಗಲೇ ಇವಳು ತಿನ್ನುವುದಿಲ್ಲ, ಮಲಗುವುದಿಲ್ಲ ಎಂದು ನನಗೆ ತಿಳಿಯಿತು. ನಾನು ಚಳಿ, ಬಿಸಿಲು ಅಂತ ಬರೆದೆ. ನೀವು ನೇರವಾಗಿ ಕೇಳಿದಿರಿ, ಆಗಲೂ ಒಗ್ಗುವುದಿಲ್ಲ, ಗಿಗ್ಗುವುದಿಲ್ಲ ಎಂದು ಬರೆದೆ. ಸುಮ್ಮನಿದ್ದರೆ ಜಡೆ ತಾನಾಗಿ ನನ್ನ ಮನೆಗೆ ವಾಪಸ್ ಬರುತ್ತಾಳೆ, ಅವಳನ್ನು ಕಿತ್ತುಕೊಂಡೆ ಎಂದು ಯಾರೂ ಹೇಳುವಂತಿಲ್ಲ.

ಬೇರೆ ನಾಯಿಗಳನ್ನು ಕಳಿಸಿಕೊಟ್ಟಾಗ ನನಗೆ ಹೀಗಾಗಿರಲಿಲ್ಲ. ಇವಳನ್ನು ವ್ಯಾನಿಗೆ ಹತ್ತಿಸಿದ ದಿನ ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿಬಿಟ್ಟಿದ್ದೆ.

ನಿಮ್ಮ ಕೊನೆಯ ಕಾಗದ ಬಂದಾಗ ನನ್ನ ತಂಗಿ ಮನೆಯಲ್ಲಿದ್ದಳು. ನೀವು ಕ್ಷಮೆ ಕೇಳಿದ್ದನ್ನು ಓದಿ, "ಯಾವುದಕ್ಕೆ ಅಕ್ಕ ಕ್ಷಮೆ?" ಎಂದಳು. ಎಲ್ಲ ಹೇಳಿದೆ. "ಅವರು ಗೊತ್ತಿಲ್ಲದೆ ಒಗೆದ್ರು. ನೀನು ಗೊತ್ತಿದ್ದೂ ನಾಯಿನ ಉಪವಾಸ ಕೆಡವಿದೀಯ. ನಾಯಿ ಮೇಲೆ ಪ್ರೀತಿ ಅಂತೆ, ಪ್ರೀತಿ!" ಎಂದಳು. ಚಹಾ ಕೂಡ ಕುಡಿಯದೆ ಎದ್ದು ಹೋದಳು. ಅವಳು ಹೋದ ಮೇಲೆ ಅಜ್ಜಪ್ಪನ ಕೆಳಗಿನಿಂದ ಈ ಬಟ್ಟೆ ಎಳೆದುಕೊಂಡೆ.

ಹಾಸಿ ನೋಡಿ. ಆಮೇಲೂ ಕಳಿಸಬೇಕೆನಿಸಿದರೆ ಕಳಿಸಿ.

ಕನ್ನಡಕದಕ್ಕ


ಮಾರ್ಚ್ 23

ಅಕ್ಕಾವರೇ,

ಪಾರ್ಸೆಲ್ ಬಂದು ಒಂದು ವಾರವಾಯಿತು. ಬೇಗ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಒರಟಾಗಿ ಬರೆಯುತ್ತಿದ್ದೆ.

ಪಾರ್ಸೆಲನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ದಾರ ಬಿಚ್ಚುತ್ತಿದ್ದೆ. ಜಡೆ ಮೇಜಿನ ಕೆಳಗಿಂದ ಎದ್ದು ಬಂದು ನನ್ನ ಕಾಲಿಗೆ ಮುಂಗಾಲು ಊರಿ ನಿಂತಳು. ಅಲ್ಲಿಯವರೆಗೆ ಅವಳಾಗಿ ನನ್ನನ್ನು ಮುಟ್ಟಿದ್ದೇ ಇಲ್ಲ. ಬಟ್ಟೆ ಹಾಸಿದೆ. ಅದರ ಮೇಲೆ ಸುತ್ತು ಹೊಡೆದು, ಮೂತಿಯನ್ನು ಮಡಿಕೆಯೊಳಗೆ ತೂರಿಸಿ, ಮನುಷ್ಯರ ಹಾಗೆ ಒಂದು ಉಸಿರು ಬಿಟ್ಟು ಮಲಗಿದಳು. ಸಂಜೆ ಎದ್ದು ತಟ್ಟೆ ಖಾಲಿ ಮಾಡಿದಳು. ಅಮ್ಮ ಇನ್ನೊಂದಿಷ್ಟು ಹಾಕಿದರು. ಅದೂ ಖಾಲಿ.

ಅಲ್ಲಿಂದ ಮುಂದಿನದು ನಾನು ಎಣಿಸಿದ್ದಲ್ಲ. ನಾಲ್ಕೈದು ದಿನ ಕಳೆದ ಮೇಲೆ ನಿಮ್ಮ ಬಟ್ಟೆ ಬಿಟ್ಟು, ಗಿರಾಕಿಗಳು ಒಗೆಯಲು ಹಾಕಿದ ಬಟ್ಟೆಯ ಬುಟ್ಟಿ ಹತ್ತತೊಡಗಿದಳು. ಯಾರು ಚೀಲ ತಂದರೂ ಮೊದಲು ಅವಳ ತಪಾಸಣೆ. ಅಮ್ಮನ ಶಾಲು ಸಿಕ್ಕರಂತೂ ಬಿಡುವುದೇ ಇಲ್ಲ. ನಿನ್ನೆ ಆ ಶಾಲನ್ನು ಒಗೆಯಲು ಕೈ ಹಾಕಿದೆ. "ಮುಟ್ಟಿದ್ರೆ ನೋಡು! ಎಪ್ಪತ್ತೆಂಟು ವರ್ಷಕ್ಕೆ ಒಬ್ಬರಿಗಾದ್ರೂ ನನ್ನ ವಾಸನೆ ಹಿಡಿಸಿದೆ" ಎಂದು ಅಮ್ಮ ಕಿತ್ತುಕೊಂಡರು. ಲಾಂಡ್ರಿಯವನ ಮನೆಯಲ್ಲಿ ಈಗ ಒಗೆಯದ ಬಟ್ಟೆಗೇ ಮರ್ಯಾದೆ.

ಇನ್ನು ನಮ್ಮಿಬ್ಬರ ಮಾತು. ಫೆಬ್ರವರಿ ಮೊದಲಲ್ಲಿ ಅವಳು ಹಸಿದಿದ್ದು ನನ್ನ ಕೈಗುಣ. ಆಮೇಲೆ ಹಸಿದಿದ್ದಕ್ಕೆ ನೀವು ಹೊಣೆ. ನಾನು ಅದನ್ನು ಮರೆತೆ ಎಂದು ಬರೆದರೆ ಮತ್ತೆ "ನಾಳೆ ಖಂಡಿತ ರೆಡಿ" ಅಂದ ಹಾಗಾಗುತ್ತದೆ. ಮರೆತಿಲ್ಲ. ಆದರೆ ನೀವು ಬರೆಯದೇ ಇದ್ದಿದ್ದರೆ ನನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ ಎಂಬುದೂ ಗೊತ್ತಿದೆ.

ವ್ಯಾನಿನವರಿಗೆ ಬರುವುದು ಬೇಡವೆಂದು ಹೇಳಿದ್ದೇನೆ. ಎರಡು ತಿಂಗಳು ತುಂಬುವ ಮೊದಲೇ ದೊಡ್ಡಮ್ಮನವರ ಹತ್ತಿರ ಹೋಗಿ ನನ್ನ ಸಹಿ ಹಾಕಿ ಬಂದೆ. ಇನ್ನೊಂದು ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ನಿಮ್ಮ ಸಹಿ ನಿಮಗೆ ಬಿಟ್ಟದ್ದು. ಹಾಕದಿದ್ದರೆ ನಿಯಮದ ಪ್ರಕಾರ ಅವಳನ್ನು ಕಳಿಸಿಕೊಡುತ್ತೇನೆ, ನಾನು ತಕರಾರು ಮಾಡುವುದಿಲ್ಲ. ಅಮ್ಮನ ಪರವಾಗಿ ಮಾತು ಕೊಡಲಾರೆ.

ಲಾಂಡ್ರಿಯವನು


ಏಪ್ರಿಲ್ 5

ಅಕ್ಕಾವರೇ,

ಎರಡು ತಿಂಗಳು ಮುಗಿಯಿತು. ನಿಮ್ಮ ಸಹಿ ಬಂದಿಲ್ಲವೆಂದು ದೊಡ್ಡಮ್ಮ ಹೇಳಿದರು. "ಅವಸರ ಮಾಡಬೇಡಪ್ಪ, ಆಕೆ ಯೋಚನೆ ಮಾಡ್ತಿದ್ದಾಳೆ" ಎಂದರು. ನಾನು ಅವಸರ ಮಾಡುತ್ತಿಲ್ಲ.

ಅಮ್ಮ ದಿನಕ್ಕೆ ಮೂರು ಸಲ ಅಂಚೆಯವರನ್ನು ವಿಚಾರಿಸುತ್ತಾರೆ. ಅವರು ಬರುವುದು ಒಂದೇ ಸಲ.

ಜಡೆ ಚೆನ್ನಾಗಿದ್ದಾಳೆ. ಈ ಸಲ ಇದು ನಿಜ.

ಲಾಂಡ್ರಿಯವನು


ಏಪ್ರಿಲ್ 15

ಲಾಂಡ್ರಿಯವರಿಗೆ ನಮಸ್ಕಾರ.

ಸಹಿ ಹಾಕಿದ ಕಾಗದವನ್ನು ದೊಡ್ಡಮ್ಮನಿಗೆ ಕಳಿಸಿದ್ದೇನೆ. ಇಷ್ಟು ತಡವಾದದ್ದು ಯಾಕೆಂದು ನಿಮಗೆ ಹೇಳಬೇಕು.

ಕಳೆದ ಭಾನುವಾರ ನಿಮ್ಮೂರಿಗೆ ಬಂದಿದ್ದೆ. ಹೇಳಿ ಬರಲಿಲ್ಲ. ಕಾಗದ ಕೈಚೀಲದಲ್ಲಿತ್ತು. ದೂರದಿಂದ ಒಂದು ಸಲ ನೋಡುತ್ತೇನೆ, ಅವಳು ಸೊರಗಿದ್ದರೆ ಸಹಿ ಹಾಕುವುದಿಲ್ಲ ಎಂದುಕೊಂಡು ಬಸ್ಸು ಹತ್ತಿದ್ದೆ. ನಿಜ ಹೇಳಬೇಕೆಂದರೆ, ಸೊರಗಿರಲಿ ಎಂಬ ಆಸೆಯೂ ಎಲ್ಲೋ ಇತ್ತು.

ನಿಮ್ಮ ಅಂಗಡಿಯ ಎದುರು ಚಪ್ಪಲಿ ಅಂಗಡಿ ಮುಚ್ಚಿತ್ತು. ಅದರ ನೆರಳಿನಲ್ಲಿ ನಿಂತೆ. ನೀವು ಇಸ್ತ್ರಿ ಮಾಡುತ್ತಿದ್ದಿರಿ. ನಾನೆಣಿಸಿದ್ದಕ್ಕಿಂತ ಎತ್ತರವಿದ್ದೀರಿ. ಅರ್ಧ ಬಾಗಿಲಿನ ಪಟ್ಟಿಗಳ ಸಂದಿಯಲ್ಲಿ ಅವಳ ಮೂತಿ, ಒಂದು ಕಿವಿ ಕಂಡಿತು. ಮೈ ಕೈ ತುಂಬಿಕೊಂಡಿದ್ದಾಳೆಂದು ಮುಖದಲ್ಲೇ ತಿಳಿಯಿತು. ಗಾಳಿ ನನ್ನ ಕಡೆಯಿಂದ ನಿಮ್ಮ ಕಡೆ ಬೀಸುತ್ತಿತ್ತು. ಮೂಗು ಮೇಲೆತ್ತಿದಳು. ನೇರವಾಗಿ ನನ್ನ ಕಡೆ ನೋಡಿದಳು. ಕರೆಯಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದೆ.

ಅಷ್ಟರಲ್ಲಿ ಒಬ್ಬ ಹೆಂಗಸು ಬಟ್ಟೆಯ ಚೀಲ ಹಿಡಿದು ಬಂದರು. ಜಡೆ ಆ ಚೀಲದೊಳಗೆ ತಲೆ ತುರುಕಿಕೊಂಡು ಅವರ ಜೊತೆಯಲ್ಲೇ ಒಳಗೆ ಹೋದಳು. ಮತ್ತೆ ಬಾಗಿಲಿಗೆ ಬರಲಿಲ್ಲ. ನಾನು ಸ್ವಲ್ಪ ಹೊತ್ತು ನಿಂತು ಬಸ್ ನಿಲ್ದಾಣಕ್ಕೆ ಹೋದೆ.

ಅವಳಿಗೆ ನನ್ನ ಗುರುತು ಸಿಗಲಿಲ್ಲ. ಅಥವಾ ಸಿಕ್ಕರೂ ಬೇಕಾಗಲಿಲ್ಲ. ಎರಡರಲ್ಲಿ ಯಾವುದಾದರೂ ಸಹಿ ಹಾಕಲು ಸಾಕು. ಬಸ್ಸಿನಲ್ಲೇ ಹಾಕಿದೆ, ಅದಕ್ಕೇ ಅಕ್ಷರ ಕುಣಿದಿದೆ.

ತಾಯಿಯವರಿಗೆ ನಮಸ್ಕಾರ ತಿಳಿಸಿ. ಇನ್ನು ನೀವು ಪತ್ರ ಬರೆಯಬೇಕೆಂಬ ಕಟ್ಟುಪಾಡಿಲ್ಲ.

ಇಂತಿ,
ಕನ್ನಡಕದಕ್ಕ


ಏಪ್ರಿಲ್ 20

ಅಕ್ಕಾ,

ಕಟ್ಟುಪಾಡಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಭಾನುವಾರ ನಿಮ್ಮನ್ನು ನಾನು ನೋಡಿದೆ. ಮುಚ್ಚಿದ ಅಂಗಡಿಯ ಮುಂದೆ ಚಪ್ಪಲಿ ಕೊಳ್ಳಲು ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಆದರೆ ನೀವೇ ಎಂದು ಖಚಿತವಾದದ್ದು ಜಡೆಯಿಂದ. ನಿಮಗೆ ಅವಳ ಮುಖವಷ್ಟೇ ಕಾಣುತ್ತಿತ್ತು. ನಾನು ಅವಳ ಹಿಂದೆ ಇದ್ದೆ. ಬಾಲವೊಂದೇ ಅಲ್ಲ, ಸೊಂಟದಿಂದ ಹಿಂದಿನ ಇಡೀ ಮೈ ಆಡುತ್ತಿತ್ತು. ಬಾಲ ಬಡಿದ ಏಟಿಗೆ ಹ್ಯಾಂಗರಿನ ಡಬ್ಬವೇ ಉರುಳಿತು. ನನಗಾಗಲಿ ಅಮ್ಮನಿಗಾಗಲಿ ಅವಳು ಒಮ್ಮೆಯೂ ಹಾಗೆ ಬಾಲ ಆಡಿಸಿಲ್ಲ. ನಿಮ್ಮ ಗುರುತು ಅವಳಿಗೆ ಚೆನ್ನಾಗಿಯೇ ಸಿಕ್ಕಿತು. ಇದನ್ನು ಹೇಳದೆ ಬಿಟ್ಟರೆ ನಿಮ್ಮ ಸಹಿಯನ್ನು ಸುಳ್ಳು ಹೇಳಿ ಪಡೆದ ಹಾಗಾಗುತ್ತದೆ.

ಅರ್ಧ ಬಾಗಿಲಿಗೆ ಒಳಗಡೆ ಅಗಳಿ ಇದೆ. ಆ ಹೊತ್ತಿಗೆ ಹಾಕಿತ್ತು. ನಮ್ಮ ಬೀದಿಗೆ ವಾಹನ ಬರುವುದಿಲ್ಲ. ನಾನು ಹೋಗಿ ಅಗಳಿ ತೆಗೆದೆ, ನಿಮ್ಮ ಕಣ್ಣೆಲ್ಲ ಅವಳ ಮೇಲೇ ಇತ್ತು. ಅವಳಿಗೆ ಹೋಗಬೇಕಿದ್ದರೆ ಮೂಗಿನಿಂದ ತಳ್ಳಿದರೆ ಸಾಕಿತ್ತು. ನಿಮ್ಮನ್ನು ಒಳಗೆ ಬನ್ನಿ ಎಂದು ಕರೆಯಬಹುದಿತ್ತು, ಕರೆಯಲಿಲ್ಲ. ಕರೆದಿದ್ದರೆ ನೀವು ಅವಳನ್ನು ಎತ್ತಿಕೊಳ್ಳುತ್ತಿದ್ದಿರಿ, ಆಮೇಲೆ ಕೆಳಗಿಳಿಸಲು ಯಾರಿಗೆ ಮನಸ್ಸು ಬರುತ್ತಿತ್ತು? ಇದು ನನ್ನ ಸ್ವಾರ್ಥ, ನಿಮ್ಮದರ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಿ.

ಮೇಜಿನ ಹತ್ತಿರ ವಾಪಸ್ ಬಂದು ತಲೆ ತಗ್ಗಿಸಿ ಇಸ್ತ್ರಿ ಹಿಡಿದುಕೊಂಡೆ. ಬಾಗಿಲಿನ ಕಡೆ ನೋಡಲು ಧೈರ್ಯ ಬರಲಿಲ್ಲ. ಬಾಗಿಲು ಕಿರುಗುಟ್ಟಿತು. ಹೋದಳು ಎಂದುಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಪಾದದ ಮೇಲೆ ಏನೋ ಭಾರ ಬಿತ್ತು. ನೋಡಿದರೆ ಜಡೆಯ ಗದ್ದ. ಬಂದದ್ದು ಗಿರಾಕಿ.

ಆಗಲೇ ಸುಟ್ಟ ವಾಸನೆ ಬಂದದ್ದು. ಔಷಧಿ ಅಂಗಡಿಯವರ ಬಿಳಿ ಶರ್ಟಿನ ಕಾಲರ್ ಕಂದುಬಣ್ಣವಾಗಿತ್ತು. ಈ ಕಸುಬಿಗೆ ಬಂದ ಮೇಲೆ ನನ್ನ ಕೈಯಲ್ಲಿ ಸುಟ್ಟ ಮೊದಲ ಬಟ್ಟೆ ಅದು. ಅಮ್ಮ ಅದನ್ನು ಬೀದಿಗೆಲ್ಲ ತೋರಿಸಿ ಬಂದಿದ್ದಾರೆ. ನಾಳೆ ಔಷಧಿ ಅಂಗಡಿಯವರು ಶರ್ಟ್ ಕೇಳಿಕೊಂಡು ಬರುತ್ತಾರೆ. ಹೇಗೆ ಸುಟ್ಟಿತು ಅಂದರೆ ನಾನು ಏನು ಹೇಳಲಿ, ನೀವೇ ಹೇಳಿ.

ಇಂತಿ,
ನಿಮ್ಮ ತಮ್ಮ